ಅಶ್ವತ್ಥಮ್ಮ ಸಿಸ್ಟರ್ ಮತ್ತು ನನ್ನ ಎಂಟು ಕೀಮೋ

ಅಶ್ವತ್ಥಮ್ಮ ಸಿಸ್ಟರ್ ಯಾರನ್ನೂ ಚೆನ್ನಾಗಿದ್ದೀರಾ ಎಂದು ಕೇಳಿದವರಲ್ಲ. ಎದುರಿಗೆ ಸಿಕ್ಕವರ ಕೈ ಹಿಡಿದು ಉಗುರು ತಿರುಗಿಸಿ ನೋಡುತ್ತಿದ್ದರು. ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆದು ಒಳಗೆ ಎಷ್ಟು ಕೆಂಪಿದೆ ಎಂದು ನೋಡುತ್ತಿದ್ದರು. ಆಮೇಲೆ ಬೈಯುತ್ತಿದ್ದರು. ಅದು ಬಸ್ ಸ್ಟಾಪೇ ಆಗಲಿ, ಹಾಲಿನ ಡೇರಿಯ ಸಾಲೇ ಆಗಲಿ, ಮದುವೆ ಮನೆಯ ಊಟದ ಪಂಕ್ತಿಯೇ ಆಗಲಿ, ಅವರಿಗೆ ಎಲ್ಲವೂ ವಾರ್ಡೇ. ನಮ್ಮ ಬೀದಿಯ ಹೊಸ ಸೊಸೆಯೊಬ್ಬಳ ರೆಪ್ಪೆ ಎಳೆದು ನೋಡಿ, ಅವಳ ಅತ್ತೆಯ ಎದುರೇ, "ಮೈಯಲ್ಲಿ ರಕ್ತ ಇಲ್ಲ, ಕೊರಳಲ್ಲಿ ಮಾತ್ರ ನಾಲ್ಕೆಳೆ ಸರ. ಅದನ್ನ ಅರೆದು ಕುಡಿಸ್ತೀರಾ ಇವ್ಳಿಗೆ?" ಎಂದಿದ್ದನ್ನು ನಾನೇ ಕೇಳಿದ್ದೇನೆ.

ಎತ್ತರದ, ಒಣಕಲು ಹೆಂಗಸು. ಎಣ್ಣೆ ಹಚ್ಚಿ ಬಿಗಿಯಾಗಿ ಸುತ್ತಿದ ತುರುಬು. ಗಂಡಸರ ಕೈಗಡಿಯಾರವನ್ನು ಮಣಿಕಟ್ಟಿನ ಒಳಭಾಗಕ್ಕೆ ಮುಖ ಮಾಡಿ ಕಟ್ಟುತ್ತಿದ್ದರು. ಹುಟ್ಟಿದ್ದು ಚಿಂತಾಮಣಿಯಾಚೆಯ ಹಳ್ಳಿಯಲ್ಲಿ, ಮನೆಮಾತು ತೆಲುಗು. ಹಾಗಾಗಿ ಕನ್ನಡದಲ್ಲಿ ಶುರುವಾದ ಬೈಗುಳ ಕಾವೇರಿದಂತೆ ತೆಲುಗಿಗೆ ತಿರುಗುತ್ತಿತ್ತು. ಎಷ್ಟೇ ಕೋಪ ಬಂದರೂ ಹೆಂಗಸರನ್ನು 'ತಲ್ಲೀ' ಎಂದೇ ಕರೆಯುತ್ತಿದ್ದರು. ಆದರೆ ಅವರ ಬಾಯಲ್ಲಿ ಆ 'ಅಮ್ಮಾ' ಎನ್ನುವ ಮಾತು ಕೂಡ ಕಪಾಳಕ್ಕೆ ಬಿದ್ದಂತಿರುತ್ತಿತ್ತು. ಮದುವೆಯಾಗಿರಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಊರೂರಿನ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು, ನಿವೃತ್ತಿಯಾದ ಮೇಲೆ ನಮ್ಮ ಜಂಗಮಕೋಟೆಯಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡು, ನಮ್ಮ ಹಿಂದಿನ ಬೀದಿಯಲ್ಲಿದ್ದರು. ಊರಿನವರು ಅವರನ್ನು ಕಂಡರೆ ರಸ್ತೆ ದಾಟುತ್ತಿದ್ದರು. ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ಮಾತ್ರ ಅದೇ ರಸ್ತೆಯನ್ನು ಈ ಕಡೆಗೆ ದಾಟುತ್ತಿದ್ದರು.

ನನ್ನ ಎಡ ಎದೆಯಲ್ಲಿ ಗಡ್ಡೆಯಿದೆ ಎಂದು ನನಗೆ ಯುಗಾದಿಯ ಎಣ್ಣೆಸ್ನಾನದ ದಿನವೇ ಗೊತ್ತಾಗಿತ್ತು. ಯಾರಿಗೂ ಹೇಳಲಿಲ್ಲ. ಶಿಡ್ಲಘಟ್ಟದ ಕಚೇರಿಯಲ್ಲಿ ನಾನು ಗುಮಾಸ್ತೆ, ಅಲ್ಲಿ ಆಡಿಟ್ ಇತ್ತು. ನನ್ನ ಗಂಡ ವೆಂಕಟೇಶ್ ರೇಷ್ಮೆ ಹುಳು ಸಾಕುತ್ತಾರೆ, ಬೆಳೆಯ ಮೇಲೆ ಬೆಳೆ ಬರುತ್ತಿತ್ತು. ಮಗಳು ಎರಡನೇ ಪಿಯುಸಿಗೆ ಕಾಲಿಟ್ಟಿದ್ದಳು. ಇವರಿಗೆಲ್ಲ ತೊಂದರೆ ಕೊಡಬಾರದು ಎಂದು ಸುಮ್ಮನಿದ್ದೇನೆ ಎಂದುಕೊಂಡು, ಒಳಗೊಳಗೇ ನನ್ನ ತ್ಯಾಗವನ್ನು ನಾನೇ ಮೆಚ್ಚಿಕೊಂಡಿದ್ದೆ. ಅದು ತ್ಯಾಗವಲ್ಲ, ಹೇಡಿತನ. ಈಗ ಹೀಗೆ ಬರೆಯುವುದು ಸುಲಭ.

ದಸರೆಯ ಹೊತ್ತಿಗೆ ಒಂದು ಬೆಳಿಗ್ಗೆ ಡೇರಿಯಲ್ಲಿ ಹಾಲಿನ ಕ್ಯಾನನ್ನು ಕಟ್ಟೆಯ ಮೇಲೆ ಬಲಗೈಯೊಂದರಲ್ಲೇ ಎತ್ತಿಡಲು ಒದ್ದಾಡುತ್ತಿದ್ದೆ. ಸಾಲಿನಲ್ಲಿ ಹಿಂದೆ ನಿಂತಿದ್ದ ಅಶ್ವತ್ಥಮ್ಮ, "ಎಡಗೈಗೇನು ರಜಾನಾ?" ಎಂದರು. ಉಳುಕಿದೆ ಎಂದೆ. ಅವರು ಹಾಲೂ ಬೇಡ ಏನೂ ಬೇಡ ಎಂದು ನನ್ನ ರಟ್ಟೆ ಹಿಡಿದು ತಮ್ಮ ಮನೆಗೆ ಎಳೆದುಕೊಂಡು ಹೋಗಿ, ಬಾಗಿಲು ಹಾಕಿ, ರವಿಕೆ ಬಿಚ್ಚಿಸಿ ಕೈಯಿಟ್ಟು ನೋಡಿದರು. ಅವರು ಅಷ್ಟು ಹೊತ್ತು ಮಾತಾಡದೆ ಇದ್ದುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಎಷ್ಟು ದಿನ ಆಯ್ತು?"

"ಯುಗಾದಿಯಿಂದ."

"ಯುಗಾದಿಯಿಂದ!" ಎಂದರು. "ವರಮಹಾಲಕ್ಷ್ಮಿಗೆ ಊರಿಗೆಲ್ಲ ಅರಿಶಿನ ಕುಂಕುಮ ಕೊಟ್ಟೆ. ಗೌರಿಗೆ ಬಾಗಿನ ಹೊತ್ತೆ. ಇದನ್ನ ತೋರಿಸೋಕೆ ಒಂದು ಮಂಗಳವಾರ ಸಿಗಲಿಲ್ವಾ ತಲ್ಲೀ ನಿಂಗೆ? ಓದಿರೋಳು ಬೇರೆ. ನಿನ್ನ ಡಿಗ್ರೀನ ಒಲೆಗೆ ಹಾಕು, ನೀರಾದ್ರೂ ಕಾಯುತ್ತೆ."

ನಾಲ್ಕನೆಯ ದಿನ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದೆ. ಆಪರೇಷನ್ ಆಯಿತು. ಆಮೇಲೆ ಇಪ್ಪತ್ತೊಂದು ದಿನಕ್ಕೊಂದರಂತೆ ಎಂಟು ಕೀಮೋ ಎಂದರು.

ಕೀಮೋಗಿಂತ ಮೊದಲು ಬಂದದ್ದು ನೋಡಲು ಬರುವವರು. ಅವರು ಒಬ್ಬೊಬ್ಬರಾಗಿ ಬರುವುದಿಲ್ಲ, ಮೂರು ನಾಲ್ಕು ಜನ ಸೇರಿ ಬರುತ್ತಾರೆ. ಮೊದಲು ನನ್ನ ಎದೆಯ ಕಡೆ ನೋಡುತ್ತಾರೆ, ಆಮೇಲೆ ಮುಖ. ಕೂತು ನೀರು ಕುಡಿದ ಮೇಲೆ, ಇದೇ ಕಾಯಿಲೆಯಲ್ಲಿ ಸತ್ತ ಯಾರೋ ಒಬ್ಬಳ ಕತೆಯನ್ನು ಮೊದಲ ವಾಂತಿಯಿಂದ ಹನ್ನೊಂದನೇ ದಿನದ ಊಟದವರೆಗೆ ಬಿಡದೆ ಹೇಳಿ, "ಆದ್ರೆ ನಿಂಗೇನೂ ಆಗಲ್ಲ ಬಿಡು, ಧೈರ್ಯವಾಗಿರು" ಎಂದು ಮುಗಿಸುತ್ತಾರೆ. ಒಬ್ಬಳು ಯಾವುದೋ ಹಣ್ಣಿನ ಎಲೆಯ ಕಷಾಯ ಕುಡಿದರೆ ಗಡ್ಡೆ ಕರಗುತ್ತದೆ ಎಂದು ವೀಡಿಯೋ ಕಳಿಸಿದಳು. ಗಡ್ಡೆ ತೆಗೆದು ಎರಡು ವಾರವಾಗಿತ್ತು. ಇನ್ನೊಬ್ಬರು ನನ್ನನ್ನು ಹೋರಾಟಗಾರ್ತಿ ಎಂದು ಕರೆದು ಸ್ಟೇಟಸ್ ಹಾಕಿದರು. ನಾನಾಗ ಬಚ್ಚಲಲ್ಲಿ ಬಕೆಟ್ ತಬ್ಬಿಕೊಂಡು ಕೂತಿದ್ದೆ.

ಮೊದಲ ಕೀಮೋ ಆದ ವಾರಕ್ಕೆ ನನ್ನ ಗಂಡನ ಚಿಕ್ಕಪ್ಪ, ನಾವೆಲ್ಲ ಸುಬ್ಬಣ್ಣ ಎನ್ನುವವರು, ಹೆಂಡತಿ ಸೊಸೆಯಂದಿರ ಸಮೇತ ಬಂದರು. ಅವರಿಗೆ ನೆಗಡಿ. ಚಪ್ಪಲಿ ಹಾಕಿಕೊಂಡೇ ಕೋಣೆಗೆ ಬಂದು ಮಂಚದ ಮೇಲೆ ಕೂತು, ಸೀನಿ, ಅದೇ ಕೈಯಿಂದ ನನ್ನ ತಲೆ ಸವರಿದರು. ಅಷ್ಟರಲ್ಲಿ ಅಶ್ವತ್ಥಮ್ಮ ಬಂದರು. ಬಾಗಿಲಲ್ಲೇ ನಿಂತು ನೋಡಿದರು. ನನ್ನ ಅತ್ತೆ ಪಿಳ್ಳಮ್ಮ ಕಾಫಿ ಲೋಟ ಹಿಡಿದು ಬರುತ್ತಿದ್ದರು.

"ಪಿಳ್ಳಮ್ಮನೋರೇ, ನಿಮ್ ಹುಳದ ಮನೆ ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪೌಡರ್ ಯಾಕೆ ಹಾಕಿದೀರ?"

"ಅದು... ಹೊರಗಿನ ಕಾಲು ಒಳಗೆ ಬರಬಾರದು ಅಂತ. ಹುಳಕ್ಕೆ ಸೋಂಕು ತಗಲುತ್ತಲ್ಲಮ್ಮ."

"ಸುಬ್ಬಣ್ಣನ್ನ ಅಲ್ಲಿಗೆ ಬಿಡ್ತೀರಾ ಈಗ?"

ಅತ್ತೆ ಕಾಫಿ ಲೋಟವನ್ನು ಕಿಟಕಿಯಲ್ಲಿಟ್ಟರು. ಹುಳು ಪೊರೆ ಬಿಟ್ಟು ಜ್ವರದಿಂದ ಎದ್ದ ಮೇಲೆ ಆ ಮನೆಯ ಹತ್ತಿರ ಸ್ವಂತ ತಮ್ಮನನ್ನೂ ಸೇರಿಸದವರು ಅವರು.

"ಕೈ ತೊಳೀದೆ ಸೊಪ್ಪು ಮುಟ್ಟಲ್ಲ ನೀವು. ಇವ್ಳನ್ನ ಮಾತ್ರ ಊರೆಲ್ಲ ಮುಟ್ಟಬಹುದು. ಹುಳಕ್ಕಿರೋ ಬೆಲೆ ಇವ್ಳಿಗಿಲ್ಲ ಈ ಮನೇಲಿ. ಇವ್ಳ ರಕ್ತದಲ್ಲಿ ಈಗ ಕಾವಲುಗಾರರೇ ಇಲ್ಲ ಸ್ವಾಮಿ ಸುಬ್ಬಣ್ಣ, ನಿಮ್ ಸೀನು ಇವ್ಳ ಹೆಣ ಹೊರಸುತ್ತೆ. ಏಳಿ ಮೇಲೆ!"

ಸುಬ್ಬಣ್ಣ ಎದ್ದರು. ಅವರು ನಮ್ಮ ವಂಶಕ್ಕೇ ಹಿರಿಯರು. ಆಮೇಲೆ ಎಂಟು ತಿಂಗಳು ನಮ್ಮ ಮನೆ ಕಡೆ ಬರಲಿಲ್ಲ. ಆ ಸಂಜೆಯೇ ಅಶ್ವತ್ಥಮ್ಮ ಹುಳದ ಮನೆಯ ಬಾಗಿಲಲ್ಲಿದ್ದ ಸುಣ್ಣದ ತಟ್ಟೆಯಂಥದ್ದೇ ಇನ್ನೊಂದನ್ನು ತಂದು ನನ್ನ ಕೋಣೆಯ ಹೊಸ್ತಿಲಲ್ಲಿಟ್ಟು, ಪಕ್ಕದಲ್ಲಿ ಸೋಪು, ನೀರಿನ ಬಕೆಟ್ ಇಟ್ಟು, "ಇನ್ಮೇಲೆ ಇಲ್ಲೂ ಹುಳಾನೇ ಇರೋದು ಅಂದ್ಕೊಳ್ಳಿ" ಎಂದು ಹೋದರು. ನೋಡಲು ಬರುವವರು ಮೂರರಲ್ಲಿ ಒಂದು ಪಾಲಿಗೆ ಇಳಿದರು. ಪ್ರೀತಿ ಇದ್ದವರು ಕೈ ತೊಳೆದು ಬಂದರು. ಉಳಿದವರಿಗೆ ಅವಮಾನವಾಯಿತಂತೆ.

ಹದಿನೇಳನೆಯ ದಿನ ಕೂದಲು ಉದುರತೊಡಗಿತು. ನಾನು ಅದನ್ನು ಹೆಕ್ಕಿ ಒಂದು ಕವರಿನಲ್ಲಿ ಕೂಡಿಡುತ್ತಿದ್ದೆ. ಅಶ್ವತ್ಥಮ್ಮ ಕವರನ್ನು ಇಸಿದುಕೊಂಡು, "ಏನ್ ಮಾಡ್ತೀಯ ಇದನ್ನ? ಹಾಸಿಗೆ ತುಂಬ್ತೀಯಾ?" ಎಂದು ಕೇಳಿ, ಹಿತ್ತಿಲಲ್ಲಿ ಕೂರಿಸಿ ತಾವೇ ತಲೆ ಬೋಳಿಸಿದರು. ಬೋಳಿಸುವಾಗ ಒಂದೇ ಒಂದು ಕಡೆ ಕೂಡ ಗೀರಲಿಲ್ಲ. ಮುಗಿದ ಮೇಲೆ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಆಚೆ ಈಚೆ ತಿರುಗಿಸಿ ನೋಡಿ, "ತಲೆ ಆಕಾರವಾಗಿದೆ. ಒಳಗೆ ಏನೂ ಇಲ್ಲದಿದ್ರೂ" ಎಂದರು. ಕಾಯಿಲೆ ಬಂದ ಮೇಲೆ ನಾನು ಮೊದಲ ಸಲ ನಕ್ಕದ್ದು ಆವತ್ತು.

ಪ್ರತಿ ಕೀಮೋಗೂ ಅವರು ಬರುತ್ತಿದ್ದರು. ಯಾರೂ ಕರೆದಿರಲಿಲ್ಲ. ಬೆಳಿಗ್ಗೆ ಕಾರು ತೆಗೆಯುವ ಹೊತ್ತಿಗೆ ಸ್ಟೀಲ್ ಕ್ಯಾರಿಯರ್ ಹಿಡಿದು ಮುಂದಿನ ಸೀಟಿನಲ್ಲಿ ಕೂತಿರುತ್ತಿದ್ದರು. ಕೀಮೋ ಕೊಡುವ ಹಾಲ್‌ನಲ್ಲಿ ಒರಗು ಕುರ್ಚಿಗಳ ಸಾಲು, ಎದುರು ಗೋಡೆಗೆ ದೊಡ್ಡ ಪಟ. ತಲೆಗೆ ಬಣ್ಣದ ಬಟ್ಟೆ ಕಟ್ಟಿಕೊಂಡ ಸುಂದರಿಯೊಬ್ಬಳು ಹಲ್ಲು ಬಿಟ್ಟು ನಗುತ್ತಾ, ನಾವೂ ನಗುನಗುತ್ತಾ ಗೆಲ್ಲಬೇಕೆಂದು ಹೇಳುತ್ತಿದ್ದಳು. ಅಶ್ವತ್ಥಮ್ಮ ಅದನ್ನು ಓದಿ, "ಇವ್ಳಿಗೆ ಇದುವರ್ಗೂ ನೆಗಡಿನೂ ಬಂದಿಲ್ಲ" ಎಂದರು. ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡಿದ್ದ ಮುದುಕಿಯೊಬ್ಬಳು ಕಣ್ಣು ತೆರೆಯದೆಯೇ ನಕ್ಕಳು.

ಎರಡನೆಯ ಸಲ ಒಬ್ಬ ಚಿಕ್ಕ ವಯಸ್ಸಿನ ನರ್ಸ್ ನನ್ನ ನರ ಹುಡುಕಿ ಎರಡು ಕಡೆ ಚುಚ್ಚಿ ಸೋತಳು. ಮೂರನೆಯದಕ್ಕೆ ಕೈ ಹಾಕಿದಾಗ ಅಶ್ವತ್ಥಮ್ಮ ಎದ್ದರು. "ನಿಲ್ಲು ತಲ್ಲೀ. ಇದು ಕೈ, ಕಸೂತಿ ಹಾಕೋ ಬಟ್ಟೆ ಅಲ್ಲ." ಆ ಹುಡುಗಿಯ ಕಣ್ಣಲ್ಲಿ ನೀರು ಬಂತು. ಅಶ್ವತ್ಥಮ್ಮ ಬಿಸಿನೀರು ತರಿಸಿ ನನ್ನ ಕೈ ಅದ್ದಿಸಿದರು, ಒರೆಸಿದರು, ಕೈಯನ್ನು ಕುರ್ಚಿಯಿಂದ ಕೆಳಗೆ ಇಳಿಬಿಡಿಸಿದರು. ಎರಡು ಬೆರಳಲ್ಲಿ ಒತ್ತಿ ನೋಡಿ, "ಇಲ್ಲಿ. ಅವಸರ ಮಾಡ್ಬೇಡ. ಔಷಧಿ ಕೆಂಪಗಿದೆ, ನರದಿಂದ ಆಚೆ ಹೋದ್ರೆ ಚರ್ಮ ಸುಟ್ಟು ಹೋಗುತ್ತೆ, ಗೊತ್ತು ತಾನೆ? ಈಗ ಹಾಕು" ಎಂದರು. ಸೂಜಿ ಒಂದೇ ಸಲಕ್ಕೆ ಕೂತಿತು. "ಬೆಳಿಗ್ಗೆಯಿಂದ ಏನಾದ್ರೂ ತಿಂದಿದೀಯಾ?" ಎಂದು ಅವಳನ್ನು ಕೇಳಿದರು. ಇಲ್ಲವಂತೆ. ನನಗೆಂದು ತಂದಿದ್ದ ಕ್ಯಾರಿಯರಿನ ಇಡ್ಲಿ ಅವಳ ಪಾಲಾಯಿತು. ಅಲ್ಲಿಂದಾಚೆಗೆ ನಾವು ಹೋದ ದಿನವೆಲ್ಲ ಆ ಹುಡುಗಿ ನನ್ನ ಕಡೆ ನೋಡುವ ಮುಂಚೆ ಅವರ ಕಡೆ ನೋಡುತ್ತಿದ್ದಳು.

ಮೂರನೆಯ ಕೀಮೋ ಆಗಲಿಲ್ಲ. ಹೋದೆವು, ರಕ್ತ ಕೊಟ್ಟೆವು, ಕಾದೆವು. ಬಿಳಿ ರಕ್ತಕಣ ಕಡಿಮೆಯಿದೆ, ಒಂದು ವಾರ ಬಿಟ್ಟು ಬನ್ನಿ ಎಂದು ಡಾಕ್ಟರು ಕಳಿಸಿದರು. ಅಷ್ಟಕ್ಕೇ ನಾನು ಲಿಫ್ಟಿನ ಎದುರು ಕೂತು ಅಳಲು ಶುರುಮಾಡಿದೆ. ಆಪರೇಷನ್ನಿಗೂ ನಾನು ಹಾಗೆ ಅತ್ತಿರಲಿಲ್ಲ. ವೆಂಕಟೇಶ್ ಕಾರು ತರುತ್ತೇನೆಂದು ಹೊರಟುಬಿಟ್ಟರು.

"ಯಾಕೆ ಅಳ್ತೀಯ?"

"ಎಲ್ಲಾ ಒಂದು ವಾರ ಹಿಂದಕ್ಕೆ ಹೋಯ್ತಲ್ಲ ಸಿಸ್ಟರ್. ಮಗಳ ಪರೀಕ್ಷೆ ಒಳಗೆ ಮುಗಿಯುತ್ತೆ ಅಂತ ಗೋಡೆ ಮೇಲೆ ಗುರುತು ಹಾಕಿದ್ದೆ. ನೀವು ಹೇಳಿದ್ದೆಲ್ಲ ತಿಂದಿದೀನಿ, ಹೇಳಿದಂಗೆ ಮಲಗಿದೀನಿ. ಆದ್ರೂ..."

"ಓಹೋ. ಒಳ್ಳೆ ಹುಡುಗಿ ಥರ ಇದ್ದೆ, ಪಾಸ್ ಮಾಡ್ಲಿಲ್ಲ ಅಂತ ಅಳು." ಅವರು ನನ್ನ ಪಕ್ಕ ಕೂರಲಿಲ್ಲ, ಎದುರಿಗೇ ನಿಂತಿದ್ದರು. "ನಿನ್ನ ಮೂಳೆ ಒಳಗೆ ಕೂತು ರಕ್ತ ಮಾಡೋರಿಗೆ ನಿಮ್ಮಾಫೀಸಿನ ರಜಾ ಪಟ್ಟಿ ಗೊತ್ತಿಲ್ಲ. ಅವ್ರಿಗೆ ವಿಷ ಹಾಕಿದೀವಿ ಎರಡು ಸಲ. ಒಂದು ವಾರ ಜಾಸ್ತಿ ಕೇಳ್ತಾ ಇದಾರೆ. ಕೊಡೋಕೆ ನಿಂಗೇನು ಕಷ್ಟ? ಗುಣ ಆಗೋದು ಅಂದ್ರೆ ಫೈಲ್ ಮೂವ್ ಆದಂಗೆ ಅಂದ್ಕೊಂಡಿದೀಯಾ?"

ವಾಪಸ್ ಬರುವಾಗ ದೇವನಹಳ್ಳಿ ದಾಟಿದ ಮೇಲೆ ಕಾರು ನಿಲ್ಲಿಸಿದರು. ಹುಣಸೆಮರದ ಕೆಳಗೆ ಟವೆಲ್ ಹಾಸಿ, ಬೇಯಿಸಿ ತಂದಿದ್ದ ಮೊಟ್ಟೆಗಳನ್ನು ಸುಲಿದು ಒಂದೊಂದಾಗಿ ನನ್ನ ಕೈಗೆ ಕೊಟ್ಟರು. ದೂರದಲ್ಲಿ ನಂದಿ ಬೆಟ್ಟದ ಮೇಲೆ ಮೋಡ ಕೂತಿತ್ತು. ಬಾಯಿಗೆ ರುಚಿ ಗೊತ್ತಾಗುತ್ತಿರಲಿಲ್ಲ. ಆದರೂ ಮೂರು ತಿಂದೆ. ವಾರದ ನಂತರ ಹೋದಾಗ ಕಣ ಏರಿತ್ತು.

ನಾಲ್ಕನೆಯ ಕೀಮೋ ಆದ ಹನ್ನೊಂದನೆಯ ದಿನಕ್ಕೆ ಚಿಂತಾಮಣಿಯಲ್ಲಿ ನನ್ನ ನಾದಿನಿಯ ಮನೆಯ ಗೃಹಪ್ರವೇಶವಿತ್ತು. ತವರಿನ ಅಣ್ಣ ಅತ್ತಿಗೆ ಜೋಡಿಯಾಗಿ ನಿಂತು ಹಾಲು ಉಕ್ಕಿಸಬೇಕೆಂದು ಅತ್ತೆಯ ಆಸೆ. ಅವರ ಮೇಲೆ ಹೊರಿಸಿದರೆ ಅರ್ಧ ಸುಳ್ಳಾಗುತ್ತದೆ. ನನಗೂ ಹೋಗಬೇಕಿತ್ತು. ವಿಗ್ ತರಿಸಿಕೊಂಡಿದ್ದೆ. ಕರುಣೆಯಿಂದ ನನ್ನ ಎದೆ ನೋಡಿದ ಅಷ್ಟೂ ಜನರ ಎದುರು ರೇಷ್ಮೆ ಸೀರೆಯುಟ್ಟು ಓಡಾಡಬೇಕೆಂಬ ಜಂಬ ನನ್ನದೇ. ಆ ದಿನ ಬೆಳಿಗ್ಗೆ ಏಳುವಾಗಲೇ ಚಳಿ. ಥರ್ಮಾಮೀಟರ್ ಇಟ್ಟು ನೋಡಿದೆ, ನೂರಾ ಒಂದೂವರೆ. ನೂರರ ಮೇಲೆ ಹೋದರೆ ಎಲ್ಲಿದ್ದರೂ ಬಿಟ್ಟು ಆಸ್ಪತ್ರೆಗೆ ಓಡಿ ಎಂದು ಡಾಕ್ಟರು ಸಾರಿ ಸಾರಿ ಹೇಳಿದ್ದರು. ನಾನು ಜ್ವರದ ಮಾತ್ರೆ ಎರಡು ನುಂಗಿದೆ, ಥರ್ಮಾಮೀಟರನ್ನು ಬೀರುವಿನ ಬಟ್ಟೆಗಳ ಅಡಿ ಇಟ್ಟೆ, ಸೀರೆ ಉಟ್ಟೆ.

ಕಾರಿನಲ್ಲಿ ಕೂತಾಗಿತ್ತು. ಅಶ್ವತ್ಥಮ್ಮ ಗೇಟಿನ ಹತ್ತಿರ ಬಂದವರು ಕಿಟಕಿಗೆ ಬಗ್ಗಿ ನನ್ನನ್ನು ನೋಡಿದರು.

"ಮೇಲ್ತುಟಿ ಮೇಲೆ ಬೆವರು. ಈ ಚಳೀಲಿ."

"ಸೀರೆ ದಪ್ಪ ಸಿಸ್ಟರ್."

ಕೈ ಒಳಗೆ ಹಾಕಿ ನನ್ನ ಕತ್ತಿನ ಹಿಂದೆ ಇಟ್ಟರು. "ಮಾತ್ರೆ ಯಾವಾಗ ನುಂಗಿದೆ?"

"ಯಾವ ಮಾತ್ರೆ?"

"ಮೂವತ್ತು ವರ್ಷ ಸುಳ್ಳು ಹೇಳೋ ಪೇಷಂಟುಗಳನ್ನ ನೋಡಿದೀನಿ. ನೀನು ಅದ್ರಲ್ಲೂ ಕಳಪೆ. ಎಷ್ಟಿತ್ತು ಜ್ವರ?"

ನಾನು ಹೇಳಿದೆ. ಅತ್ತೆ ಹಿಂದಿನ ಸೀಟಿನಿಂದ, "ಸ್ವಲ್ಪ ಬೆಚ್ಚಗಿದ್ರೆ ಏನಾಗುತ್ತಮ್ಮ, ಮುಹೂರ್ತ ಹತ್ತಕ್ಕೆ ಇದೆ, ಮುಗಿಸ್ಕೊಂಡು ಮಧ್ಯಾಹ್ನ ತೋರಿಸಿದ್ರಾಯ್ತು" ಎಂದರು.

"ಮಧ್ಯಾಹ್ನ ಇನ್ನೊಂದು ಮುಹೂರ್ತ ನೋಡ್ಬೇಕಾಗುತ್ತೆ ಪಿಳ್ಳಮ್ಮನೋರೇ. ಇಳೀರಿ. ಇಳಿದು ಬಸ್ಸಲ್ಲಿ ಹೋಗಿ ಮಗಳ ಮನೆಗೆ." ಅವರೇ ಹಿಂದಿನ ಬಾಗಿಲು ತೆಗೆದರು. ಆಮೇಲೆ ವೆಂಕಟೇಶ್ ಕಡೆ ತಿರುಗಿ, "ಏನಪ್ಪಾ, ಸ್ಟೇರಿಂಗ್ ಹಿಡ್ಕೊಂಡು ಗೊಂಬೆ ಥರ ಕೂತಿದೀಯ? ಚಿಕ್ಕಬಳ್ಳಾಪುರಕ್ಕೆ ಹೊಡಿ. ಬೆಂಗ್ಳೂರ್‌ವರ್ಗೂ ತಡೆಯಲ್ಲ ಇವ್ಳು" ಎಂದರು.

ಚಿಕ್ಕಬಳ್ಳಾಪುರದ ಆಸ್ಪತ್ರೆ ತಲುಪುವ ಹೊತ್ತಿಗೆ ನನಗೆ ನಡುಕ ಹತ್ತಿ ಹಲ್ಲು ಕಟಕಟ ಎನ್ನುತ್ತಿತ್ತು. ಬಿಪಿ ಇಳಿದಿತ್ತು. ರಕ್ತದಲ್ಲಿ ಕಾವಲು ಕಾಯುವ ಕಣಗಳು ಇಲ್ಲವೆನ್ನುವಷ್ಟು ಕಡಿಮೆಯಿದ್ದವು. ಬಾಗಿಲಲ್ಲೇ ಅಶ್ವತ್ಥಮ್ಮ, "ಕೀಮೋ ಪೇಷಂಟು, ಹನ್ನೊಂದನೇ ದಿನ, ಜ್ವರ, ಮೊದ್ಲು ಆಂಟಿಬಯೋಟಿಕ್, ಆಮೇಲೆ ಚೀಟಿ" ಎಂದು ಕೂಗಿದ್ದು ನೆನಪಿದೆ. ಆಮೇಲಿನ ಒಂದು ದಿನ ನೆನಪಿಲ್ಲ. ಇನ್ನು ನಾಲ್ಕು ಗಂಟೆ ತಡವಾಗಿದ್ದರೆ ಮಾತು ಬೇರೆಯಿತ್ತು ಎಂದು ಅಲ್ಲಿನ ಡಾಕ್ಟರು ವೆಂಕಟೇಶ್‌ಗೆ ಹೇಳಿದರಂತೆ. ಚಿಂತಾಮಣಿಯಲ್ಲಿ ಹಾಲು ನಾನಿಲ್ಲದೆಯೂ ಉಕ್ಕಿತು.

ನಾಲ್ಕನೆಯ ದಿನ ಮಧ್ಯಾಹ್ನ ನಾನು ಎದ್ದು ಕೂರುವಂತಾಗಿದ್ದೆ. ಅಶ್ವತ್ಥಮ್ಮ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಮೂಸಂಬಿ ಸುಲಿಯುತ್ತಿದ್ದರು. ನಿಮ್ಮಿಂದ ನನ್ನ ಜೀವ ಉಳಿಯಿತು ಸಿಸ್ಟರ್ ಎಂದೆ.

"ಸಾಕು ಸುಮ್ನಿರು. ನನಗೇನು ಹಾರ ಹಾಕ್ತೀಯಾ?" ಎಂದರು. ಒಂದೊಂದೇ ತೊಳೆ ಬಿಡಿಸತೊಡಗಿದರು. ಆಮೇಲೆ ನನ್ನ ಮುಖ ನೋಡದೆಯೇ ಹೇಳಿದರು.

"ನನಗೊಬ್ಳು ತಂಗಿ ಇದ್ಲು. ಪದ್ಮಾವತಿ. ಪದ್ದು ಅಂತಿದ್ವಿ. ಚಿಕ್ಕೋಳಿದ್ದಾಗಿಂದ ಅಯ್ಯೋ ತಲೆನೋವು, ಅಯ್ಯೋ ಕಾಲುನೋವು, ಬಾಯಿ ಬಿಟ್ರೆ ನೋವೇ. ನಾನು ಚಿಂತಾಮಣೀಲಿ ಡ್ಯೂಟಿ ಮಾಡ್ವಾಗ ಒಂದಿನ ಬಂದ್ಲು. ಹೊಟ್ಟೆ ಉಬ್ಬರ ಕಣಕ್ಕ, ಊಟ ಸೇರಲ್ಲ ಅಂದ್ಲು. ಗ್ಯಾಸು ಹೋಗೇ ಅಂದೆ. ಮಾತ್ರೆ ಕೊಟ್ಟೆ. ಮತ್ತೆ ಬಂದ್ಲು. ಮತ್ತೆ ಕೊಟ್ಟೆ. ಎಂಟು ತಿಂಗಳು ಕೊಟ್ಟೆ ಕಣಮ್ಮ. ನಿಂಗೆ ಕಾಯಿಲೆ ಇಲ್ಲ, ಕೆಲಸ ಇಲ್ಲ ಅಂತ ವಾರ್ಡಲ್ಲಿ ಎಲ್ರ ಮುಂದೆ ಆಡ್ಕೊಂಡೆ. ಎಲ್ರೂ ನಕ್ರು. ಅವ್ಳೂ ನಕ್ಳು. ಒಂದ್ಸಲನೂ ಹೊಟ್ಟೆ ಮುಟ್ಟಿ ನೋಡ್ಲಿಲ್ಲ ನಾನು."

ತೊಳೆ ಬಿಡಿಸುವ ಅವರ ಕೈ ನಿಲ್ಲಲಿಲ್ಲ.

"ಅಂಡಾಶಯದ ಕ್ಯಾನ್ಸರ್. ಹೊಟ್ಟೆ ತೆಗೆದು ನೋಡಿ ಹಂಗೇ ಹೊಲಿದ್ರು. ಕೊನೇ ವಾರ ನನ್ನ ಕೈ ಹಿಡ್ಕೊಂಡು, 'ಗ್ಯಾಸಲ್ಲ, ಅಲ್ವಾ ಅಕ್ಕಾ?' ಅಂದ್ಲು. ಬೈಯ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

"ನಿಮಗೆ ಗೊತ್ತಿರ್ಲಿಲ್ಲ ಸಿಸ್ಟರ್."

"ಗೊತ್ತಿರಬೇಕಿತ್ತು. ನಂಗೆ ಬಿಳಿ ಸೀರೆ ಉಡಿಸಿದ್ದು ಅದಕ್ಕೇ." ಅವರ ದನಿ ಮತ್ತೆ ಗಟ್ಟಿಯಾಯಿತು. "ಆಮೇಲೆ ಒಂದು ವರ್ಷ ಯಾರಿಗೂ ಏನೂ ಅನ್ಲಿಲ್ಲ. ಮೆತ್ತಗೆ, ಜೇನುತುಪ್ಪದ ಥರ ಮಾತಾಡ್ತಿದ್ದೆ. ಒಬ್ಬರೂ ನನ್ನ ಮಾತು ಕೇಳ್ಲಿಲ್ಲ. ಸರಿ ಸಿಸ್ಟರ್, ಸರಿ ಸಿಸ್ಟರ್ ಅಂತ ತಲೆ ಆಡಿಸಿ ಮನೆಗೆ ಹೋಗಿ ಮಲಗೋರು. ಅದಕ್ಕೇ ಮೊದ್ಲು ಮುಟ್ಟಿ ನೋಡೋದು, ಆಮೇಲೆ ಬೈಯೋದು ಅಂತ ಮಾಡ್ಕೊಂಡೆ. ತಗೋ, ತಿನ್ನು."

ತೊಳೆಯಲ್ಲಿ ಒಂದು ಬೀಜವೂ ಇರಲಿಲ್ಲ. ಅಷ್ಟು ಹೊತ್ತೂ ಅವರು ಬೀಜ ತೆಗೆಯುತ್ತಿದ್ದರು.

ಉಳಿದ ನಾಲ್ಕು ಕೀಮೋ ಬೇಸಿಗೆ ದಾಟಿ ಮುಗಿದವು. ಬೆರಳ ತುದಿ ಮರಗಟ್ಟಿತು, ಒಂದು ಸಲ ಔಷಧಿ ಮೈಗೆ ಒಗ್ಗದೆ ಎದೆ ಹಿಡಿದುಕೊಂಡಿತು, ಅರ್ಧಕ್ಕೇ ನಿಲ್ಲಿಸಿ ಬದಲಿಸಿದರು. ಆಗೆಲ್ಲ ನಾನು ಅಳಲಿಲ್ಲ ಎಂದರೆ ಸುಳ್ಳು. ಬೇಗ ಮುಗಿಸುವುದನ್ನು ಕಲಿತಿದ್ದೆ, ಅಷ್ಟೆ. ಎಂಟನೆಯದಾದ ದಿನ ಆ ಹಾಲ್‌ನ ಗೋಡೆಗೆ ನೇತುಹಾಕಿದ್ದ ಹಿತ್ತಾಳೆ ಗಂಟೆಯನ್ನು ಬಾರಿಸಿ ಎಂದರು. ಕೀಮೋ ಮುಗಿಸಿದವರೆಲ್ಲ ಬಾರಿಸುವುದು, ಉಳಿದವರು ಚಪ್ಪಾಳೆ ತಟ್ಟುವುದು ಅಲ್ಲಿನ ಪದ್ಧತಿ. ವೆಂಕಟೇಶ್ ಮೊಬೈಲ್ ಹಿಡಿದು ವೀಡಿಯೋಗೆ ತಯಾರಾದರು. ನಾನು ಎದ್ದೆ. ಅಶ್ವತ್ಥಮ್ಮ ತಗ್ಗಿದ ದನಿಯಲ್ಲಿ, "ಅಲ್ಲಿ ಕೂತಿರೋ ಮುದುಕೀನ ನೋಡು. ಅವ್ಳಿಗೆ ಕೊನೇದು ಅನ್ನೋದೇ ಇಲ್ಲ, ಬದುಕಿರೋವರ್ಗೂ ಹಾಕ್ತಾರೆ. ಅವ್ಳ ಮುಂದೆ ಬಾರಿಸ್ತೀಯಾ?" ಎಂದರು. ಮೊದಲ ತಿಂಗಳು ಕಣ್ಣು ಮುಚ್ಚಿಕೊಂಡೇ ನಕ್ಕಿದ್ದ ಮುದುಕಿ ಅದು. ನಾನು ಬಾರಿಸಲಿಲ್ಲ. ಹತ್ತಿರ ಹೋಗಿ, ಬರ್ತೀನಿ ಎಂದು ಹೇಳಿದೆ. ಅವಳು ನನ್ನ ಬೋಳು ತಲೆಯ ಮೇಲೆ ಕೈಯಿಟ್ಟಳು.

ಅದಾಗಿ ಎರಡು ವರ್ಷಕ್ಕೆ ಅಶ್ವತ್ಥಮ್ಮ ತಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವರ ತಮ್ಮ ನಾರಾಯಣಸ್ವಾಮಿ, ಜೋರಾಗಿ ಮಾತಾಡಿದರೆ ತಾನೇ ಬೆಚ್ಚುವಂಥ ಸಾಧು ಮನುಷ್ಯ, ಆಪರೇಷನ್ ಮಾಡಿಸಿ ಗೌರಿಬಿದನೂರಿನ ತನ್ನ ಮನೆಗೆ ಕರೆದೊಯ್ದ. ನಾನು ಮೂರು ಸಲ ಹೋಗಿ ನೋಡಿದೆ. ಮೂರನೆಯ ಸಲ ಅವರು ತೀರಾ ಕುಗ್ಗಿದ್ದರು, ಉಸಿರಾಟ ಭಾರವಾಗಿತ್ತು. ನಾನು ಅವರ ದಿಂಬು ಸರಿಮಾಡುವಾಗ ಕೆಮ್ಮಿದೆ.

"ಎಷ್ಟು ದಿನದಿಂದ ಕೆಮ್ಮು?"

"ಮೂರು ವಾರ. ಧೂಳಿಗೆ."

"ಧೂಳಿಗೆ," ಎಂದು ನನ್ನನ್ನೇ ಅಣಕಿಸಿದರು. "ಸ್ಕ್ಯಾನ್ ಮಾಡ್ಸು."

"ನೀವು ಸ್ವಲ್ಪ ಹುಷಾರಾಗಿ, ಆಮೇಲೆ..."

"ನಾನು ಹುಷಾರಾಗೋದಕ್ಕೂ ನಿನ್ನ ಶ್ವಾಸಕೋಶಕ್ಕೂ ಏನು ಸಂಬಂಧ? ಇಲ್ಲೇ, ನನ್ನೆದುರೇ ಫೋನ್ ಮಾಡು."

ಮಾಡಿದೆ. ಮುಂದಿನ ಸೋಮವಾರಕ್ಕೆ ಸಿಕ್ಕಿತು. ಅವರು ಕಣ್ಣು ಮುಚ್ಚಿ, ಹೋಗು ಎಂಬಂತೆ ಕೈಯಾಡಿಸಿದರು. ನಾವು ಕೊನೆಯದಾಗಿ ನೋಡಿಕೊಂಡದ್ದು ಅದೇ.

ಸೋಮವಾರ ಬೆಳಿಗ್ಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ, ಕೈಗೆ ಸೂಜಿ ಹಾಕಿಸಿಕೊಂಡು, ಸ್ಕ್ಯಾನಿನ ಬಾಗಿಲ ಎದುರು ಕೂತಿದ್ದಾಗ ನಾರಾಯಣಸ್ವಾಮಿಯ ಫೋನ್ ಬಂತು. "ಅಕ್ಕ ಹೋಗಿಬಿಟ್ಲಮ್ಮ. ಬೆಳಿಗ್ಗೆ ಆರಕ್ಕೆ. ಹನ್ನೆರಡಕ್ಕೆಲ್ಲ ಎತ್ತಿಬಿಡ್ತೀವಿ. ಬರ್ತೀರಾ?" ವೆಂಕಟೇಶ್ ಎದ್ದು ನಿಂತರು. ಈಗಲೇ ಹೊರಟರೆ ಮುಖ ಸಿಗುತ್ತದೆ, ಸ್ಕ್ಯಾನು ನಾಳೆಯೂ ಆಗುತ್ತದೆ ಎಂದರು. ಒಳಗಿನಿಂದ ನನ್ನ ನಂಬರ್ ಕೂಗಿದರು. ಒಳಗೆ ಹೋಗಲು ನನಗೆ ಹೆದರಿಕೆಯಿತ್ತು. ಕೆಮ್ಮಿಗೆ ಏನು ಅರ್ಥವಿರಬಹುದೆಂದು ಒಂದು ವಾರದಿಂದ ನಿದ್ದೆ ಬಂದಿರಲಿಲ್ಲ. ಸತ್ತವರ ಮುಖ ನೋಡಲು ಓಡಿದರೆ ಯಾರೂ ತಪ್ಪು ಹೇಳುವುದಿಲ್ಲ, ಎಲ್ಲರೂ ಮೆಚ್ಚುತ್ತಾರೆ, ನನಗೂ ತಪ್ಪಿಸಿಕೊಂಡಂತಾಗುತ್ತದೆ. ಅದು ಹೊಳೆದ ಕೂಡಲೇ ನಾಚಿಕೆಯಾಯಿತು. ಒಳಗೆ ಹೋದೆ.

ವರದಿ ನಾಲ್ಕು ದಿನದ ಮೇಲೆ ಬಂತು. ಹಳೆಯ ಸೋಂಕಿನ ಕಲೆ, ಬೇರೇನೂ ಇಲ್ಲ. ಆದರೆ ಆ ಸೋಮವಾರ ಅದು ನನಗೆ ಗೊತ್ತಿರಲಿಲ್ಲ. ವೆಂಕಟೇಶ್ ಹುಳುವಿಗೆ ಸೊಪ್ಪು ಹಾಕಲು ಊರಿಗೆ ಹೋಗಲೇಬೇಕಿತ್ತು. ಅವರನ್ನು ಕಳಿಸಿ, ನಾನೊಬ್ಬಳೇ ದೊಡ್ಡಬಳ್ಳಾಪುರದ ಮೇಲೆ ಹೋಗುವ ಬಸ್ಸು ಹತ್ತಿ ಗೌರಿಬಿದನೂರಿಗೆ ಹೋದಾಗ ಮೂರು ಗಂಟೆ. ಎಲ್ಲ ಮುಗಿದಿತ್ತು. ನಡುಮನೆಯಲ್ಲಿ ದೀಪ, ಸುತ್ತ ಇಪ್ಪತ್ತು ಜನ. ಒಬ್ಬರಾದ ಮೇಲೊಬ್ಬರು ಮಾತಾಡುತ್ತಿದ್ದರು. ಎಂಥಾ ಮೃದು ಸ್ವಭಾವ. ಯಾರ ಮನಸ್ಸೂ ನೋಯಿಸಿದವರಲ್ಲ. ಹೂವಿನಂಥಾ ಮಾತು. ನನಗೆ ಬೆಳಿಗ್ಗೆಯಿಂದ ಅನ್ನವಿರಲಿಲ್ಲ, ತಲೆ ಸುತ್ತುತ್ತಿತ್ತು.

"ಯಾರ ಬಗ್ಗೆ ಮಾತಾಡ್ತಾ ಇದೀರಿ?" ಎಂದೆ. ಎಲ್ಲರೂ ತಿರುಗಿದರು. "ನನಗೆ ಗೊತ್ತಿರೋ ಅಶ್ವತ್ಥಮ್ಮ ಸಿಸ್ಟರ್ ನನ್ನ ಡಿಗ್ರೀನ ಒಲೆಗೆ ಹಾಕು ಅಂದಿದ್ರು. ನನ್ನ ತಲೆ ಖಾಲಿ ಅಂದಿದ್ರು. ಹೂವಂತೆ!"

ನಾನು ಮಾಡಬಾರದ್ದು ಮಾಡಿದೆ ಎಂದುಕೊಂಡೆ. ಆಗ ಮೂಲೆಯಲ್ಲಿದ್ದ ದಪ್ಪಗಿನ ಮನುಷ್ಯನೊಬ್ಬ, ಪಕ್ಕದ ಮನೆಯವನಂತೆ, ಗಂಟಲು ಸರಿಮಾಡಿಕೊಂಡ. "ನಂಗೆ, ನಿನ್ ಹೊಟ್ಟೆ ನೋಡಿದ್ರೆ ಏಳನೇ ತಿಂಗಳು ಅಂದಿದ್ರು. ಬೇಜಾರಾಗಿ ಸಕ್ಕರೆ ಪರೀಕ್ಷೆ ಮಾಡಿಸ್ದೆ. ನಾನೂರು ಇತ್ತು."

ಯಾರೋ ಪಕ್ಕನೆ ನಕ್ಕರು. ಆಮೇಲೆ ಇನ್ನೊಬ್ಬರು. ಒಬ್ಬೊಬ್ಬರದೂ ಹೊರಬಂತು. ನಾರಾಯಣಸ್ವಾಮಿಯ ಹೆಂಡತಿ ಸುಜಾತ, "ಮೊನ್ನೆ ನನ್ನ ತಿಳಿಸಾರು ಕುಡಿದು, ಇದನ್ನ ನೇರ ನರಕ್ಕೇ ಹಾಕ್ಬಹುದು ಕಣೇ, ಅಷ್ಟು ತೆಳ್ಳಗಿದೆ ಅಂದ್ರು" ಎಂದು ನಗುತ್ತಾ ಹೇಳಲು ಹೋಗಿ, ಸೆರಗು ಬಾಯಿಗಿಟ್ಟುಕೊಂಡು ಜೋರಾಗಿ ಅತ್ತುಬಿಟ್ಟಳು. ಆ ಮನೆಯಲ್ಲಿ ಆ ದಿನ ನಾನು ಕೇಳಿದ ಮೊದಲ ನಿಜವಾದ ಅಳು ಅದು.

ನಾರಾಯಣಸ್ವಾಮಿ ಬಸ್ ಸ್ಟ್ಯಾಂಡಿನವರೆಗೆ ಬಂದ. ಬಸ್ಸು ಬಂದು ನಿಂತಾಗ, "ಅಕ್ಕ ನಿಮ್ ಬಗ್ಗೆ ಹೇಳ್ತಾ ಇದ್ಲು" ಎಂದ.

"ಏನಂತ?"

ಹೇಳಲೋ ಬೇಡವೋ ಎಂದು ಸಂಕೋಚಪಟ್ಟ. "ದಡ್ಡಿ. ಆದ್ರೆ ಹೇಳಿದ್ರೆ ಕೇಳ್ತಾಳೆ, ಅಂತಿದ್ಲು."

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಊರು ದಾಟುವ ಮೊದಲೇ ಅಳು ಬಂತು. ತಡೆಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸ್ವಲ್ಪ ಹೊತ್ತು ನೋಡಿ ನನ್ನ ತೋಳು ತಟ್ಟಿ, "ಅಳ್ಬೇಡಿ ಅಮ್ಮಾ, ಎಲ್ಲಾ ಒಳ್ಳೇದಾಗುತ್ತೆ" ಎಂದಳು.

ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.